ಲಾರಿಯ ಅಲಂಕಾರವೂ ತೂಕದ ಲೆಕ್ಕವೂ

ಆಯುಧಪೂಜೆಯಂದು ರಾವಂದೂರಿನ ರಸ್ತೆಬದಿಯಲ್ಲಿ ನಿಲ್ಲುವ ಲಾರಿಗಳನ್ನು ನೋಡುವುದೇ ಒಂದು ಸೊಗಸು. ಬಾಳೆಕಂದು, ಮಾವಿನ ತೋರಣ, ಚೆಂಡುಹೂವಿನ ಹಾರಗಳಿಂದ ಸಿಂಗರಿಸಿ, ಬೂದುಗುಂಬಳ ಒಡೆದು, ಗಾಲಿಯಡಿ ನಿಂಬೆಹಣ್ಣು ಇಟ್ಟು ವಾಹನವನ್ನು ಮುಂದಕ್ಕೆ ಚಲಾಯಿಸುತ್ತಾರೆ. ಮೂರನೆಯ ದಿನ ಬಾಳೆಕಂದು ಬಾಡುತ್ತದೆ. ಚಾಲಕನೇ ಅದನ್ನು ಬಿಚ್ಚಿ ಎಸೆಯುತ್ತಾನೆ. ಈ ಅಲಂಕಾರದಿಂದ ವಾಹನಕ್ಕೆ ಯಾವ ಬಾಧೆಯೂ ಇಲ್ಲ. ಆದರೆ ವರ್ಷವಿಡೀ ಕಳಚದೆ ಉಳಿಯುವ ಕಬ್ಬಿಣದ ಅಲಂಕಾರದ ಮಾತು ಬೇರೆ.

ಪಿರಿಯಾಪಟ್ಟಣ, ಹುಣಸೂರು, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ತಂಬಾಕು, ಶುಂಠಿ, ಭತ್ತ, ಮುಸುಕಿನ ಜೋಳಗಳ ಸಾಗಣೆಯಲ್ಲಿ ಒಂದೆರಡು ಲಾರಿಗಳನ್ನು ಇಟ್ಟುಕೊಂಡು ಜೀವನ ಸಾಗಿಸುವವರು ಬಹಳ ಮಂದಿ. ಇವರ ಲೆಕ್ಕಪತ್ರಗಳನ್ನು ನೋಡುವಾಗ ‘ಬಂಪರ್, ಕ್ಯಾರಿಯರ್, ಲೈಟು’ ಎಂದು ಒಂದೇ ಸಾಲಿನಲ್ಲಿ ಬರೆದ ಚೀಟಿಗಳು ಮೇಲಿಂದ ಮೇಲೆ ಕಾಣಸಿಗುತ್ತವೆ. ಒಮ್ಮೆ ಕೊಟ್ಟ ಹಣ ಖಾತೆಗೆ ಬರುತ್ತದೆ. ಪ್ರತಿ ಟ್ರಿಪ್ಪಿನಲ್ಲಿಯೂ ಆಗುವ ನಷ್ಟ ಯಾವ ಖಾತೆಗೂ ಬರುವುದಿಲ್ಲ. ಆ ಎರಡನೆಯ ಲೆಕ್ಕವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಬಾಡಿಗೆ ತರದ ತೂಕ

2018ರ ಜುಲೈನಲ್ಲಿ ಕೇಂದ್ರ ಸರ್ಕಾರವು ಎರಡು ಆಕ್ಸಲ್‌ಗಳ ಲಾರಿಯ ಗರಿಷ್ಠ ಒಟ್ಟು ತೂಕದ ಮಿತಿಯನ್ನು 16.2 ಟನ್ನಿನಿಂದ 18.5 ಟನ್ನಿಗೆ ಏರಿಸಿತು. ನಿಮ್ಮ ವಾಹನಕ್ಕೆ ಅನ್ವಯಿಸುವ ಮಿತಿ ಅದರ ನೋಂದಣಿ ಪತ್ರದಲ್ಲಿದೆ. ಆ ಒಟ್ಟು ತೂಕದಿಂದ ಖಾಲಿ ವಾಹನದ ತೂಕವನ್ನು ಕಳೆದರೆ ಉಳಿಯುವುದೇ ಸರಕಿಗೆ ದೊರೆಯುವ ಅವಕಾಶ. ಆದ್ದರಿಂದ ಅಲಂಕಾರಕ್ಕೆ ಸೇರಿಸಿದ ಪ್ರತಿ ಕಿಲೋ ಕಬ್ಬಿಣವೂ ಒಂದು ಕಿಲೋ ಸರಕನ್ನು ಕೆಳಗಿಳಿಸುತ್ತದೆ.

ಉದಾಹರಣೆಗೆ, ಅಲಂಕಾರದ ತೂಕ 300 ಕಿಲೋ, ಬಾಡಿಗೆ ಟನ್ನಿಗೆ 1,000 ರೂ., ವರ್ಷಕ್ಕೆ ಪೂರ್ಣ ಭಾರದ 100 ಟ್ರಿಪ್ಪು ಎಂದಿಟ್ಟುಕೊಳ್ಳೋಣ. ಕೈತಪ್ಪುವ ಬಾಡಿಗೆ ವರ್ಷಕ್ಕೆ 30,000 ರೂ. ಶುಂಠಿ, ಭತ್ತದಂತಹ ಭಾರದ ಸರಕಿಗೆ ಈ ಲೆಕ್ಕ ನೇರವಾಗಿ ಅನ್ವಯಿಸುತ್ತದೆ. ಹುಲ್ಲಿನಂತಹ ಹಗುರ ಸರಕಿನಲ್ಲಿ ತೂಕಕ್ಕಿಂತ ಮೊದಲು ಜಾಗವೇ ತುಂಬುವುದರಿಂದ ಬಾಡಿಗೆಯ ನಷ್ಟ ಅಷ್ಟಿಲ್ಲ. ಡೀಸೆಲಿನ ನಷ್ಟ ಮಾತ್ರ ತಪ್ಪದು.

ಮುಂಭಾಗದ ಬಂಪರ್

ತಕ್ಕಡಿಯ ದಂಡಿಗೆಯ ತುದಿಯಲ್ಲಿಟ್ಟ ತೂಕಕ್ಕೆ ಬಲ ಹೆಚ್ಚು ಎಂಬುದನ್ನು ವ್ಯಾಪಾರಸ್ಥರಿಗೆ ಹೇಳಬೇಕಾಗಿಲ್ಲ. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ 4 ಮೀಟರ್ ಅಂತರವಿದ್ದು, ಮುಂದಿನ ಆಕ್ಸಲ್‌ಗಿಂತ 1 ಮೀಟರ್ ಮುಂದೆ 100 ಕಿಲೋ ಬಂಪರ್ ಜೋಡಿಸಿದರೆ, ಮುಂದಿನ ಆಕ್ಸಲ್ ಮೇಲೆ ಬೀಳುವ ಹೆಚ್ಚುವರಿ ಭಾರ 125 ಕಿಲೋ. ಹಿಂದಿನ ಆಕ್ಸಲ್ ಮೇಲೆ 25 ಕಿಲೋ ಕಡಿಮೆಯಾಗುತ್ತದೆ. ಮುಂದಿನ ಟೈರು, ಬೇರಿಂಗು, ಸ್ಟಿಯರಿಂಗ್ ಭಾಗಗಳು ಬೇಗ ಸವೆಯಲು ಇದೂ ಒಂದು ಕಾರಣ. ಬಂಪರ್ ಕೂರಿಸಲೆಂದು ಷಾಸಿಯ ಅಂಚಿಗೆ ರಂಧ್ರ ಕೊರೆಯುವುದು ಅಥವಾ ವೆಲ್ಡಿಂಗ್ ಮಾಡಿಸುವುದು ಇನ್ನೂ ಅಪಾಯಕರ; ಅತ್ಯಧಿಕ ಒತ್ತಡ ಬೀಳುವ ಜಾಗ ಅದೇ ಆದ್ದರಿಂದ ಬಿರುಕು ಅಲ್ಲಿಂದಲೇ ಆರಂಭವಾಗುತ್ತದೆ.

ನೆತ್ತಿಯ ಮುಕುಟ

ಕ್ಯಾಬಿನ್ ಮೇಲಿನ ಎತ್ತರದ ಫಲಕವು ಗಾಳಿಗೆ ಎದುರಾಗಿ ನಿಲ್ಲುತ್ತದೆ. ಗಾಳಿಯ ಪ್ರತಿರೋಧವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಇದ್ದ ಪ್ರತಿರೋಧ 80 ಕಿ.ಮೀ. ವೇಗದಲ್ಲಿ ಸುಮಾರು 1.8 ಪಟ್ಟಾಗುತ್ತದೆ. ಹಳ್ಳಿಯ ರಸ್ತೆಯಲ್ಲಿ ಇದು ಗಮನಕ್ಕೆ ಬಾರದು. ಹೆದ್ದಾರಿಯಲ್ಲಿ ಡೀಸೆಲ್ ಮೂಲಕ ತೆರಬೇಕಾಗುತ್ತದೆ. ಎತ್ತರದಲ್ಲಿರುವ ಭಾರವು ತಿರುವುಗಳಲ್ಲಿ ವಾಹನ ವಾಲುವುದನ್ನೂ ಹೆಚ್ಚಿಸುತ್ತದೆ. ಎಂಜಿನ್ ದುರಸ್ತಿಗಾಗಿ ಕ್ಯಾಬಿನ್ ಮುಂದಕ್ಕೆ ಬಾಗುವ ಲಾರಿಗಳಲ್ಲಿ ಬಾಗಿಸುವ ಪಂಪು ಮತ್ತು ಕೀಲುಗಳಿಗೂ ಶ್ರಮ ಅಧಿಕ.

ದೀಪ, ಗಾಳಿ, ಗಾಲಿ

ಲಾರಿಯ ವಿದ್ಯುತ್ ವ್ಯವಸ್ಥೆ 24 ವೋಲ್ಟಿನದು. 70 ವಾಟಿನ ಹತ್ತು ದೀಪಗಳನ್ನು ಸೇರಿಸಿದರೆ ಸುಮಾರು 29 ಆಂಪಿಯರ್ ಹೆಚ್ಚುವರಿ ವಿದ್ಯುತ್ ಬೇಕು. ಫ್ಯೂಸ್ ಇಲ್ಲದೆ, ತೆಳುವಾದ ತಂತಿಯಲ್ಲಿ ಇದನ್ನು ಎಳೆದರೆ ತಂತಿ ಕಾದು ಬೆಂಕಿ ಹೊತ್ತುವ ಸಂಭವವಿದೆ. ಎಲ್‌ಇಡಿ ದೀಪಕ್ಕೆ ವಿದ್ಯುತ್ ಕಡಿಮೆ ಸಾಕಾದರೂ ಸಡಿಲ ಜೋಡಣೆಯ ದೋಷ ಹಾಗೆಯೇ ಉಳಿಯುತ್ತದೆ. ಎದುರಿನ ಚಾಲಕನ ಕಣ್ಣು ಕುಕ್ಕುವ ತೊಂದರೆ ಬೇರೆ.

ರೇಡಿಯೇಟರ್ ಮುಂದೆ ಬಿಗಿದ ತಗಡಿನ ಜಾಲರಿ ಗಾಳಿಯ ದಾರಿಯನ್ನು ಮುಚ್ಚುತ್ತದೆ. ಹುಣಸೂರಿನಿಂದ ಪಿರಿಯಾಪಟ್ಟಣದವರೆಗೆ ಎಂಜಿನ್ ಸುಮ್ಮನಿದ್ದೀತು. ಸರಕು ಹೊತ್ತು ಸಂಪಾಜೆ ಘಟ್ಟವನ್ನು ಮಡಿಕೇರಿಯ ಕಡೆಗೆ ನಿಧಾನ ವೇಗದಲ್ಲಿ ಏರುವಾಗ ಶಾಖ ಮಾಪಕವು ಸತ್ಯವನ್ನು ಹೇಳುತ್ತದೆ. ಗಾಲಿಗೆ ಹೊದಿಸುವ ಹೊಳೆಯುವ ತಟ್ಟೆಗಳು ಬ್ರೇಕ್ ಡ್ರಮ್ಮಿನ ಶಾಖ ಹೊರಹೋಗಲು ಅಡ್ಡಿಯಾಗುತ್ತವೆ, ನಟ್ಟು ಸಡಿಲವಾದರೂ ಕಾಣದಂತೆ ಮಾಡುತ್ತವೆ.

ಹಿಂಭಾಗವನ್ನು ಎತ್ತರವಾಗಿ ಕಾಣಿಸಲು ಹೆಚ್ಚುವರಿ ಸ್ಪ್ರಿಂಗ್ ಪ್ಲೇಟು ಸೇರಿಸುವ ರೂಢಿಯೂ ಇದೆ. ಕೆಲವು ಲಾರಿಗಳಲ್ಲಿ ಸ್ಪ್ರಿಂಗ್ ಎಷ್ಟು ಕುಗ್ಗಿದೆ ಎಂಬುದನ್ನು ಅಳೆದು, ಅದಕ್ಕೆ ತಕ್ಕಂತೆ ಹಿಂದಿನ ಬ್ರೇಕಿಗೆ ಬಲ ಕೊಡುವ ಕವಾಟವಿರುತ್ತದೆ. ಸ್ಪ್ರಿಂಗ್ ಕುಗ್ಗದಿದ್ದರೆ ಕವಾಟವು ಲಾರಿ ಖಾಲಿಯಿದೆಯೆಂದು ಭಾವಿಸಿ, ತುಂಬಿದ ಲಾರಿಗೂ ಕಡಿಮೆ ಬ್ರೇಕು ಕೊಡುತ್ತದೆ. ಅಂದಕ್ಕಾಗಿ ಹಾಕಿದ ಒಂದು ಪ್ಲೇಟು ಪ್ರಾಣಕ್ಕೇ ಎರವಾಗಬಹುದು.

ಕಾನೂನು, ವಿಮೆ, ತೆರಿಗೆ

ಮೋಟಾರು ವಾಹನಗಳ ಕಾಯ್ದೆ, 1988ರ 52ನೇ ವಿಧಿಯ ಪ್ರಕಾರ ನೋಂದಣಿ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ ಅನಧಿಕೃತ ಮಾರ್ಪಾಡಿಗೆ ತಲಾ 5,000 ರೂ. ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಉಂಟು. ಮುಂಭಾಗದ ಹೆಚ್ಚುವರಿ ಕಬ್ಬಿಣದ ಬಂಪರುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯವು 2017ರ ಡಿಸೆಂಬರಿನಲ್ಲಿಯೇ ರಾಜ್ಯಗಳಿಗೆ ಸೂಚಿಸಿತ್ತು.

ವಿಮಾ ಮೌಲ್ಯವನ್ನು ತಯಾರಕರ ಬೆಲೆಪಟ್ಟಿಯ ಆಧಾರದ ಮೇಲೆ ನಿಗದಿಪಡಿಸುತ್ತಾರೆ. ಘೋಷಿಸದ ಅಲಂಕಾರ ಅದರಲ್ಲಿ ಸೇರುವುದಿಲ್ಲ. ಮಾರ್ಪಾಡೇ ಅಪಘಾತಕ್ಕೆ ಕಾರಣವೆಂದು ಕಂಡರೆ ಸ್ವಂತ ವಾಹನದ ಹಾನಿಯ ಪರಿಹಾರಕ್ಕೂ ಆಕ್ಷೇಪ ಬರಬಹುದು.

ಹತ್ತಕ್ಕಿಂತ ಹೆಚ್ಚು ಸರಕು ವಾಹನಗಳಿಲ್ಲದ ಮಾಲೀಕರು ಅಂದಾಜು ಆದಾಯದ ಪದ್ಧತಿಯಲ್ಲಿ ತೆರಿಗೆ ಲೆಕ್ಕ ಸಲ್ಲಿಸಬಹುದು. 12 ಟನ್ ಮೀರಿದ ವಾಹನಕ್ಕೆ ನೋಂದಾಯಿತ ಒಟ್ಟು ತೂಕದ ಪ್ರತಿ ಟನ್ನಿಗೆ ತಿಂಗಳಿಗೆ 1,000 ರೂ. ಆದಾಯವೆಂದು ಪರಿಗಣಿಸಲಾಗುತ್ತದೆ. 18.5 ಟನ್ನಿನ ಲಾರಿಗೆ ಇದು ವರ್ಷಕ್ಕೆ 2,22,000 ರೂ. ಅಲಂಕಾರದಿಂದ ಬಾಡಿಗೆ ಕಡಿಮೆಯಾದರೂ ಈ ಅಂದಾಜು ಕಡಿಮೆಯಾಗದು; ಅದಕ್ಕೆ ಮಾಡಿದ ಖರ್ಚನ್ನು ಪ್ರತ್ಯೇಕವಾಗಿ ಕಳೆಯಲೂ ಬಾರದು.

ಹಾಗಾದರೆ ಏನು ಮಾಡಬೇಕು?

ಲಾರಿ ಮಾಲೀಕನಿಗೆ ವಾಹನವೇ ಅಂಗಡಿಯ ನಾಮಫಲಕ. ಅಚ್ಚುಕಟ್ಟಾದ ಲಾರಿಗೆ ಮಂಡಿಯಲ್ಲಿ ಗೌರವವಿದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಒಂದೇ ಲಾರಿಯಿಟ್ಟುಕೊಂಡಿರುವ ನನ್ನ ಕಕ್ಷಿದಾರರೊಬ್ಬರಿಗೆ ಟ್ಯಾಂಕು ತುಂಬಿಸಿ ಖಾಲಿ ಲಾರಿಯನ್ನು ತೂಕ ಹಾಕಿಸಿ ಬನ್ನಿ ಎಂದೆ. ನೋಂದಣಿ ಪತ್ರದ ತೂಕಕ್ಕೂ ಚೀಟಿಯ ತೂಕಕ್ಕೂ ಇದ್ದ ವ್ಯತ್ಯಾಸ ಕಂಡು ಅವರು ಬಹಳ ಹೊತ್ತು ಮಾತನಾಡಲಿಲ್ಲ. ಬಂಪರ್, ಮುಕುಟಗಳನ್ನು ಬಿಚ್ಚಿಸಿದರು. ತಂದೆಯವರು ಬರೆಸಿದ್ದ ಚಾಮುಂಡೇಶ್ವರಿಯ ಹೆಸರನ್ನು ಮಾತ್ರ ಹೊಸ ಬಣ್ಣದಲ್ಲಿ ಮತ್ತೆ ಬರೆಸಿದರು.

ಅಂದಕ್ಕೂ ಆದಾಯಕ್ಕೂ ವಿರೋಧವಿಲ್ಲದ ದಾರಿ ಅದೇ. ಬಣ್ಣಕ್ಕೆ ತೂಕವಿಲ್ಲವೆಂದರೂ ಸಲ್ಲುತ್ತದೆ. ದೀಪ ಮತ್ತು ನಂಬರ್ ಫಲಕ ಮುಚ್ಚದಿದ್ದರೆ ಸಾಕು. ಮುಂದೆ ಬಿಳಿ, ಹಿಂದೆ ಕೆಂಪು, ಪಕ್ಕಕ್ಕೆ ಹಳದಿ ಪ್ರತಿಫಲನ ಪಟ್ಟಿಯನ್ನು ನಿಯಮವೇ ಬಯಸುತ್ತದೆ. ಸದಸ್ಯ ಬಂಧುಗಳು ಈ ತಿಂಗಳೊಳಗೆ ಒಮ್ಮೆ ತಮ್ಮ ಖಾಲಿ ಲಾರಿಯನ್ನು ತೂಕ ಹಾಕಿಸಿ, ಚೀಟಿಯನ್ನು ನೋಂದಣಿ ಪತ್ರದ ಪಕ್ಕದಲ್ಲಿಟ್ಟು ನೋಡಬೇಕೆಂದು ವಿನಂತಿ. ವ್ಯತ್ಯಾಸವನ್ನು ಬಾಡಿಗೆಯ ದರದಿಂದ ಗುಣಿಸಿದರೆ ಉಳಿದ ತೀರ್ಮಾನವನ್ನು ತಾವೇ ಕೈಗೊಳ್ಳಬಲ್ಲಿರಿ.