ಸೆರಗು ಹಿಡಿಯುವ ಕೂಸು, ಅಂಗಳಕ್ಕೆ ಓಡುವ ಕೂಸು: ಕಲ್ಹೇರ್ ಭಾಗದ ಮನೆ ಮತ್ತು ಅಂಗನವಾಡಿ



ಎರಡು ವರ್ಷದ ಕೂಸು ಅವ್ವನ ಸೆರಗು ಬಿಡೂದಿಲ್ಲ. ಅದೇ ಕೂಸು ಊಟಕ್ಕೆ ಕೂತರೆ ಕೈ ತಳ್ಳಿ ‘ನಾನೇ ಉಣ್ತೀನಿ’ ಅಂತದ. ಇವೆರಡೂ ಒಂದಕ್ಕೊಂದು ವಿರುದ್ಧ ಅನ್ನಿಸ್ತದ. ಆದರೆ ಮೊದಲನೆಯದು ಗಟ್ಟಿಯಾದರೇ ಎರಡನೆಯದು ಬೆಳೆಯುತ್ತದೆ ಎಂಬುದು ನನ್ನ ವಾದ.

ಜಾನ್ ಬೌಲ್ಬಿ ಅವರ ಬಾಂಧವ್ಯ ಸಿದ್ಧಾಂತದ ತಿರುಳೂ ಇದೇ. ಮೇರಿ ಐನ್ಸ್‌ವರ್ತ್ 1950ರ ದಶಕದಲ್ಲಿ ಉಗಾಂಡಾದ ಹಳ್ಳಿಗಳಲ್ಲಿ, ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ತಾಯಿ-ಮಕ್ಕಳನ್ನು ಗಮನಿಸಿದರು. ಕೂಸಿಗೆ ತಾಯಿ ‘ಸುರಕ್ಷಿತ ನೆಲೆ’: ಅಲ್ಲಿಂದ ದೂರ ಹೋಗಿ ನೋಡ್ತದ, ಹೆದರಿದರೆ ಓಡಿ ಬರ್ತದ. ತಾಯಿ ಹೋದಾಗ ಎಷ್ಟು ಅತ್ತಿತು ಅನ್ನುವುದಕ್ಕಿಂತ, ಮರಳಿದಾಗ ಹೇಗೆ ಸಮಾಧಾನಗೊಂಡಿತು ಅನ್ನುವುದನ್ನೇ ಅವರು ಮುಖ್ಯವಾಗಿ ನೋಡಿದರು.

ಈಗ ನಮ್ಮ ಭಾಗಕ್ಕೆ ಬರೋಣ. ನಾರಾಯಣಖೇಡ ತಾಲೂಕು 1956ರ ತನಕ ಬೀದರ ಜಿಲ್ಲೆಯಲ್ಲಿತ್ತು. ಈಗ ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿದೆ. ಗಡಿಯ ಎಷ್ಟೋ ಮನೆಗಳಲ್ಲಿ ಮಾತು ಇನ್ನೂ ಕನ್ನಡವೇ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾಯಿತು. ಅದರಡಿ 3ರಿಂದ 6 ವರ್ಷದ ಮಕ್ಕಳಿಗೆ ಅಂಗನವಾಡಿಯಲ್ಲಿ ಶಾಲಾಪೂರ್ವ ಕಲಿಕೆ. ಅಲ್ಲಿನ ಮಾತು ತೆಲುಗು.

ಅಂದರೆ ಕನ್ನಡದ ಕೂಸು ಹೊಸ್ತಿಲು ದಾಟಿದ ದಿನವೇ ಅವ್ವನನ್ನೂ ಅವ್ವನ ಮಾತನ್ನೂ ಒಟ್ಟಿಗೇ ಬಿಡಬೇಕು. ‘ಹಸಿವು’ ಅಂದರೆ ಗೊತ್ತು, ‘ಆಕಲಿ’ ಅಂದರೆ ಗೊತ್ತಿಲ್ಲ. ಸುಮ್ಮನೆ ಮೂಲೆ ಹಿಡಿದು ಕೂತ ಕೂಸನ್ನು ನಾವು ‘ಬಹಳ ಶಾಣ್ಯಾ, ಅಳೂದೇ ಇಲ್ಲ’ ಅಂತೀವಿ. ಆ ಮೌನ ಸ್ವಾವಲಂಬನೆಯೇ ಆಗಿರಬೇಕಿಲ್ಲ. ಕೇಳಲು ಮಾತಿಲ್ಲದ ಸ್ಥಿತಿಯೂ ಇರಬಹುದು.

ಪರಿಹಾರ ದೊಡ್ಡದೇನಲ್ಲ. ಮೊದಲ ವಾರ ಅವ್ವನೋ ಅಜ್ಜಿಯೋ ಸ್ವಲ್ಪ ಹೊತ್ತು ಜೊತೆಗೆ ಕೂಡಬೇಕು. ಕದ್ದು ಹೋಗದೆ ‘ಹೋಗಿ ಬರ್ತೀನಿ’ ಅಂತ ಹೇಳಿ, ಹೇಳಿದ ಹೊತ್ತಿಗೆ ಬರಬೇಕು. ಹಸಿವು, ನೀರು, ನೋವು, ಹೆದರಿಕೆ ಇಂಥ ಹತ್ತು ಕನ್ನಡ ಪದ ಟೀಚರಿಗೆ ತಿಳಿದಿದ್ದರೆ ಅವರೇ ಎರಡನೆಯ ನೆಲೆಯಾಗ್ತಾರೆ. 2022ರ ರಾಷ್ಟ್ರೀಯ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟೂ ಮನೆಮಾತಿಗೇ ಒತ್ತು ಕೊಡುತ್ತದೆ.

ತೆಲುಗು ಬೇಡ ಅಂತ ನಾನು ಹೇಳ್ತಿಲ್ಲ. ಕೂಸು ಅದನ್ನೂ ಕಲೀತದ. ಮರಳಿ ಬರಲು ಜಾಗ ಇದೆ ಅಂತ ಗೊತ್ತಾದ ಮೇಲೆಯೇ ಅದು ಧೈರ್ಯವಾಗಿ ಅಂಗಳ ದಾಟ್ತದ.