ಅವನು, ಅವಳು, ಅವರು

ಠಾಣೆ ಪೂರ್ವದ ಕೋಪರಿಯಲ್ಲಿ ನೆಲೆಸಿದ ಕನ್ನಡಿಗರು ಮರಾಠಿ ಕಲಿಯತೊಡಗಿದಾಗ ಬಹುಮಟ್ಟಿಗೆ ಎಡವುವುದು ಶಬ್ದಗಳ ಅರ್ಥದಲ್ಲಲ್ಲ, ಅವುಗಳ ಲಿಂಗದಲ್ಲಿ. ರಿಕ್ಷಾ, ಸ್ಟೇಷನ್, ಸೇತುವೆ ಯಾವುದೇ ಆಗಲಿ, ನಮಗೆ 'ಬಂತು' ಎಂಬ ಒಂದೇ ಕ್ರಿಯಾಪದ ಸಾಕು. ಅಲ್ಲಿಯೋ ರಿಕ್ಷಾ 'ಆಲೀ', ಸ್ಟೇಷನ್ 'ಆಲಂ', ಪೂಲ್ 'ಆಲಾ' ಎಂದು ಜಡವಸ್ತುಗಳಿಗೂ ಲಿಂಗವಿವೇಚನೆ ತಪ್ಪಿದ್ದಲ್ಲ. 'ನಾನು ಹೋಗುತ್ತೇನೆ' ಎಂದವರು ಗಂಡೋ ಹೆಣ್ಣೋ ಎಂದು ಕನ್ನಡ ಕೇಳುವುದಿಲ್ಲ. ಮರಾಠಿಯ 'ಜಾತೋ', 'ಜಾತೇ'ಗಳಾದರೋ ಅದನ್ನು ಆಡಿದವರ ಬಾಯಿಂದಲೇ ಹೊರಡಿಸುತ್ತವೆ.

ಇಷ್ಟರಿಂದಲೇ ನಮ್ಮದು ಸಮತೆಯ ಭಾಷೆಯೆಂದು ಹಿಗ್ಗುವುದು ಅವಸರವಾದೀತು. ಹದಿಮೂರನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ನಿರೂಪಿಸಿದಂತೆ ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುವುದಾದ್ದರಿಂದ, ಕಲ್ಲುಮರಗಳ ವಿಷಯದಲ್ಲಿ ನಿರಾಳವಾಗಿರುವ ವ್ಯಾಕರಣವು ಮನುಷ್ಯರ ಬಳಿಗೆ ಬಂದೊಡನೆ ಬಿಗಿಯಾಗುತ್ತದೆ. ಮುಖ ಕಾಣದ ಮತದಾರನನ್ನೋ ವೈದ್ಯನನ್ನೋ ಕುರಿತು ಬರೆಯುವ ಲೇಖನಿ ತಾನಾಗಿಯೇ 'ಅವನು' ಎನ್ನುತ್ತದೆ. ಸೂಲಗಿತ್ತಿಗೆ ಪುಲ್ಲಿಂಗವನ್ನು ಹುಡುಕುವ ಪ್ರಸಂಗ ಮಾತ್ರ ಯಾರಿಗೂ ಬಂದಂತಿಲ್ಲ! ನೆರೆಯ ಭಿವಂಡಿಯ ಮಗ್ಗಗಳ ನಡುವೆ ಕೇಳಿಬರುವ ತೆಲುಗಿನ ರೀತಿ ಇನ್ನೂ ವಿಚಿತ್ರ: ಹೆಂಗಸು ಬಂದರೂ ಹಸು ಬಂದರೂ ಅಲ್ಲಿ 'ವಚ್ಚಿಂದಿ', ಬಹುವಚನದಲ್ಲಷ್ಟೇ ಸ್ತ್ರೀಯರು ಪುರುಷರ ಪಂಕ್ತಿಯನ್ನು ಸೇರುತ್ತಾರೆ.

ಸಂಸ್ಕೃತದಿಂದ ಬಂದ ಪದವಿನಾಮಗಳು ತೊಡಕನ್ನು ಹೆಚ್ಚಿಸಿದುವು. 2007ರಲ್ಲಿ ಮಹಾರಾಷ್ಟ್ರದ ಪ್ರತಿಭಾ ಪಾಟೀಲರು ದೇಶದ ಅತ್ಯುನ್ನತ ಸ್ಥಾನಕ್ಕೇರಿದಾಗ 'ರಾಷ್ಟ್ರಪತಿ' ಎಂಬ ಮಾತು ಚರ್ಚೆಗೆ ಒಳಗಾಗಿ, ಕಡೆಗೆ ಹಾಗೆಯೇ ಉಳಿಯಿತು. ಆದರೆ ಲಿಂಗಸೂಚಕವನ್ನು ಅಳಿಸುವುದೊಂದೇ ದಾರಿಯೆಂದೂ ಹೇಳಲಾಗದು. 1979ರಲ್ಲಿ ಸ್ಥಾಪಿತವಾದ ಕರ್ನಾಟಕ ಲೇಖಕಿಯರ ಸಂಘವು ಆ 'ಕಿ'ಕಾರವನ್ನು ಸ್ವಾಭಿಮಾನದಿಂದಲೇ ಧರಿಸಿತು.

ಕನ್ನಡಕ್ಕೆ ಸಹಜವಾಗಿ ಒದಗಿರುವ ಉಪಾಯವೆಂದರೆ ಗೌರವದ ಬಹುವಚನ. ಮರಾಠಿಯ ಗೌರವವೂ ಪುರುಷರಿಗೆ 'ಆಲೇ', ಸ್ತ್ರೀಯರಿಗೆ 'ಆಲ್ಯಾ' ಎಂದು ಕವಲೊಡೆದರೆ, ನಮ್ಮ 'ಅವರು ಬಂದರು' ಎಲ್ಲರಿಗೂ ಸಲ್ಲುತ್ತದೆ. ಲಿಂಗತ್ವ ಅಲ್ಪಸಂಖ್ಯಾತರಾದ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಮುಖ್ಯಸ್ಥಾನವನ್ನು ವಹಿಸಿದಾಗ, 'ಅಧ್ಯಕ್ಷ'ನೋ 'ಅಧ್ಯಕ್ಷೆ'ಯೋ ಎಂದು ತಡವರಿಸುವವರಿಗೆ 'ಅಧ್ಯಕ್ಷರು' ಎಂಬ ಮಾತು ಸಿದ್ಧವಾಗಿಯೇ ಇತ್ತು.

ಈ ಉದಾರತೆಗೂ ಒಂದು ಮೇರೆಯುಂಟು. ಕನ್ನಡದ ಲಿಂಗನಿರಪೇಕ್ಷತೆ ಮರ್ಯಾದೆಯ ಬೆನ್ನಹಿಂದೆಯೇ ಬರುವುದರಿಂದ, ಮರ್ಯಾದೆ ಸಲ್ಲದವರಿಗೆ ಅದೂ ಸಲ್ಲದು: ಸಭೆಯಲ್ಲಿ ಅಧ್ಯಕ್ಷರು 'ಅವರು', ಮನೆಯಲ್ಲಿ ಪಾತ್ರೆ ತೊಳೆಯುವಾಕೆ 'ಕೆಲಸದವಳು', ಪತ್ರಿಕೆಯಲ್ಲಿ ಸೆರೆಸಿಕ್ಕ ಆರೋಪಿ, ಅಪರಾಧ ಸಿದ್ಧವಾಗುವ ಮೊದಲೇ, 'ಆತ' ಇಲ್ಲವೆ 'ಆಕೆ'.