ಪಂಚಾಯ್ತಿ ಎಂಬ ಮಾತಿಗೆ ಎರಡು ಅರ್ಥ

ಸ್ಥಳೀಯ ಸರ್ಕಾರದ ಪಾಠವನ್ನು ನಮ್ಮ ಯಾದಗಿರಿ ಸೀಮೆಯಲ್ಲಿ ಬೋಧಿಸುವ ಪ್ರಶಿಕ್ಷಣಾರ್ಥಿ ಮೊದಲು ಬಿಡಿಸಿಕೊಳ್ಳಬೇಕಾದ ಶಬ್ದ 'ಪಂಚಾಯ್ತಿ'. ಹತ್ತಿಕುಣಿಯಲ್ಲಿ ನಾನು ಅಭ್ಯಾಸ ಪಾಠ ಮಾಡಿದಾಗ ಮಕ್ಕಳಿಗೆ ಈ ಶಬ್ದ ಹೊಸದಾಗಿರಲಿಲ್ಲ. ಆದರೆ ಅವರ ಮನಸ್ಸಿನಲ್ಲಿದ್ದದ್ದು ಪಠ್ಯಪುಸ್ತಕದ ಪಂಚಾಯ್ತಿಯಲ್ಲ, ಕಟ್ಟೆಯ ಪಂಚಾಯ್ತಿ. ಹಿರಿಯರು ಕುಳಿತು ಜಗಳ ಬಿಡಿಸುವುದು, ತಪ್ಪುದಂಡ ಹಾಕುವುದು, 'ಪಂಚಾಯ್ತಿ ಮಾಡಿ ಮುಗಿಸಿದ್ರು' ಅನ್ನುವುದು. ಗ್ರಾಮಸಭೆ ಎಂದರೆ ಅದೇ ಕಟ್ಟೆಗೆ ಹೆಚ್ಚು ಜನ ಸೇರುವುದು ಎಂದೇ ಅವರು ತಿಳಿದಿದ್ದರು. ಹಾಗಾಗಿ ಒಬ್ಬ ಹುಡುಗಿ ಕೇಳಿದಳು: "ಮೇಡಂ, ಮನ್ಯಾಗ ಹೊಡಿತಾರ ಅಂತ ಗ್ರಾಮಸಭಾದಾಗ ಎದ್ದು ಹೇಳಬಹುದೇನ್ರಿ?"

ಯಾರ ಮನೆಯೆಂದು ನಾನು ಕೇಳಲಿಲ್ಲ. ನಲವತ್ತು ಮಕ್ಕಳಿರುವ ತರಗತಿ ಅದಕ್ಕೆ ಜಾಗವಲ್ಲ. ಬಿಡುವಿನಲ್ಲಿ ಅಲ್ಲಿಯ ಶಿಕ್ಷಕಿಯೊಬ್ಬರಿಗೆ ವಿಷಯ ತಿಳಿಸಿ, ಹುಡುಗಿಯೊಡನೆ ಬೇರೆಯಾಗಿ ಮಾತಾಡಬೇಕೆಂದು ಕೋರಿದೆ. ಪ್ರಶ್ನೆಗೆ ಮಾತ್ರ ತರಗತಿಯಲ್ಲೇ ಉತ್ತರ ಕೊಡಬೇಕಿತ್ತು. ಒಂದೇ ಅವಧಿಗೆಂದು ಬರೆದಿದ್ದ ಪಾಠ ಯೋಜನೆ ಎರಡು ಅವಧಿಗೆ ಬೆಳೆಯಿತು.

ಗ್ರಾಮಸಭೆ 1993ರ ಕರ್ನಾಟಕದ ಪಂಚಾಯತ್ ರಾಜ್ ಅಧಿನಿಯಮದಡಿ ಸೇರುವ ಸಭೆ. ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ ಅದರ ಸದಸ್ಯರು. ನೀರು, ದೀಪ, ರಸ್ತೆ, ಫಲಾನುಭವಿಗಳ ಆಯ್ಕೆ ಅಲ್ಲಿಯ ವಿಷಯ. ಅಪರಾಧವನ್ನು ವಿಚಾರಿಸಿ ತೀರ್ಪು ಕೊಡುವ ಅಧಿಕಾರ ಅದಕ್ಕಿಲ್ಲ. ಕಟ್ಟೆಗಂತೂ ಮೊದಲೇ ಇಲ್ಲ. ಇನ್ನೊಂದು ಮಾತು: ಸಭೆಯಲ್ಲಿ ಆಡಿದ್ದು ನಡಾವಳಿ ಪುಸ್ತಕಕ್ಕೆ ಹೋಗುತ್ತದೆ, ಊರ ಬಾಯಿಗೂ ಹೋಗುತ್ತದೆ. ಲೈಂಗಿಕ ಅಪರಾಧಕ್ಕೆ ಒಳಗಾದವರ ಗುರುತನ್ನು ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಮಿನಂತೆ ಶಿಕ್ಷಾರ್ಹ. ಮಕ್ಕಳ ಮೇಲಿನ ಲೈಂಗಿಕ ಅಪರಾಧವನ್ನು ಹಿರಿಯರು ಕೂಡಿ ರಾಜಿ ಮಾಡಿಸಿ ಮುಚ್ಚುವುದಂತೂ ಆಗದ ಮಾತು. 2012ರ ಪೋಕ್ಸೊ ಕಾಯ್ದೆಯಂತೆ ವಿಷಯ ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಬೇಕು. ನಾವು ಶಿಕ್ಷಕರೂ ಆ 'ಯಾರೇ' ಎಂಬುದರಲ್ಲಿ ಸೇರಿದ್ದೇವೆ.

ಹಾಗಾದರೆ ನೊಂದವರು ಎಲ್ಲಿಗೆ ಹೋಗಬೇಕು? ಇಲ್ಲಿ ಪಠ್ಯಪುಸ್ತಕ ಸಾಲದು. ಜಿಲ್ಲೆಗೊಂದರಂತೆ ಸಖಿ ಕೇಂದ್ರ ತೆರೆಯುವ ಯೋಜನೆ 2015ರಲ್ಲಿ ಶುರುವಾಯಿತು. ಅಲ್ಲಿಯ ಕೆಲಸ ಬಾಗಿಲು ಹಾಕಿಕೊಂಡು ಮಾಡುವಂಥದ್ದು. ಆಪ್ತ ಸಮಾಲೋಚಕಿ ಕುಳಿತು ಕೇಳುತ್ತಾರೆ; ಆಸ್ಪತ್ರೆ, ಠಾಣೆ, ವಕೀಲರ ಸಹಾಯ ಒಂದೇ ಕಡೆಯಿಂದ ಸಿಗುತ್ತದೆ; ಮನೆಗೆ ಹೋಗಲಾಗದವರಿಗೆ ಕೆಲವು ದಿನ ತಂಗಲು ಜಾಗವಿದೆ. ಕೌಟುಂಬಿಕ ಹಿಂಸೆಯಾದರೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಪೋಕ್ಸೊ ಪ್ರಕರಣದಲ್ಲಿ ಮಕ್ಕಳ ಕಲ್ಯಾಣ ಸಮಿತಿಯು ಮಗುವಿಗೆ ಸಹಾಯಕ ವ್ಯಕ್ತಿಯೊಬ್ಬರನ್ನು ಒದಗಿಸಬಹುದು. ತನಿಖೆಯಿಂದ ನ್ಯಾಯಾಲಯದವರೆಗೆ ಅವರು ಮಗುವಿನ ಜೊತೆಗಿದ್ದು, ಗುಟ್ಟು ಕಾಯಬೇಕು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ವರಮಾನ ನೋಡದೆ ವಕೀಲರು ಸಿಗುತ್ತಾರೆ. ಆರೋಪಿ ಪತ್ತೆಯಾಗದಿದ್ದರೂ ಪರಿಹಾರಕ್ಕೆ ಅರ್ಜಿ ಕೊಡುವುದು ಅಲ್ಲಿಯೇ.

ದುಡಿಯಲು ಬೆಂಗಳೂರಿಗೆ ಹೋಗಿಬರುವ ನಮ್ಮ ಭಾಗದ ಕುಟುಂಬಗಳಿಗೆ ಮುಖ್ಯವಾದದ್ದು ಇನ್ನೊಂದಿದೆ. ಘಟನೆ ಎಲ್ಲೇ ನಡೆದಿರಲಿ, ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದು ಸ್ಪಷ್ಟವಾಗಿದೆ. ಇದನ್ನು ಹೇಳಿದಾಗ ತರಗತಿ ಕಿವಿಗೊಟ್ಟಷ್ಟು ಬೇರೆ ಯಾವುದಕ್ಕೂ ಕಿವಿಗೊಡಲಿಲ್ಲ.

ಎರಡನೆಯ ಅವಧಿಯಲ್ಲಿ ಕಪ್ಪುಹಲಗೆಯ ನಡುವೆ ಗೆರೆ ಎಳೆದು ಒಂದು ಕಲ್ಪಿತ ಪ್ರಸಂಗ ಕೊಟ್ಟೆ. ಡ್ಯಾಂ ಕಡೆಯ ದಾರಿಯಲ್ಲಿ ದೀಪವಿಲ್ಲ. ಸಂಜೆ ಬಸ್ ಇಳಿದು ಬರುವ ಹುಡುಗಿಯನ್ನು ಯಾರೋ ಅಡ್ಡಗಟ್ಟಿದರು. ಇದರಲ್ಲಿ ಗ್ರಾಮಸಭೆಗೆ ಯಾವುದು, ಠಾಣೆ ಮತ್ತು ಸಖಿ ಕೇಂದ್ರಕ್ಕೆ ಯಾವುದು? ದೀಪ, ಬಸ್ಸಿನ ಹೊತ್ತು ಎಡಗಡೆಗೆ ಬಂದವು. ಹುಡುಗಿಯ ಹೆಸರು, ಆಕೆಗೆ ಆದದ್ದು ಬಲಗಡೆಗೆ. ಆಮೇಲೆ ಎಡಗಡೆಗೇ ಮತ್ತೊಂದು ಸೇರಿತು: ಸಖಿ ಕೇಂದ್ರದ ಸಿಬ್ಬಂದಿಯನ್ನು ಸಭೆಗೆ ಕರೆಸಿ ಮಾಹಿತಿ ಹೇಳಿಸಬೇಕು, 181, 1098, 112 ಸಂಖ್ಯೆಗಳನ್ನು ಪಂಚಾಯ್ತಿ ಗೋಡೆಗೆ ಬರೆಸಬೇಕು. ಮತದಾನದ ವಯಸ್ಸಾಗದ ಮಕ್ಕಳೂ ಮಕ್ಕಳ ಗ್ರಾಮಸಭೆಯಲ್ಲಿ ಇದನ್ನು ಕೇಳಬಹುದು. ಪ್ರಕರಣ ಬೇಡ, ಸೇವೆಯ ಮಾತು ಬೇಕು. ಗ್ರಾಮಸಭೆಗೆ ಇದಕ್ಕಿಂತ ತಕ್ಕ ಕೆಲಸ ನನಗೆ ಕಾಣದು.

ಅಣಕು ಗ್ರಾಮಸಭೆ ಮಾಡಿಸುವ ಗೆಳೆಯರಿಗೆ ಒಂದು ಸೂಚನೆ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಸಿಕೊಂಡರೆ, ಮೊದಲು ನೀವೊಬ್ಬರೇ ಓದಿ. ನಿಜವಾದ ನೋವು ಬರೆದ ಚೀಟಿ ಬಂದರೆ ಅದು ಚಟುವಟಿಕೆಗೆ ಸೇರಿದ್ದಲ್ಲ. ಅದನ್ನು ಬೇರೆ ತೆಗೆದು ಅದೇ ದಿನ ಮುಖ್ಯೋಪಾಧ್ಯಾಯರ ಗಮನಕ್ಕೆ ತಂದು, 1098ಕ್ಕೆ ತಿಳಿಸಿ. ಲೈಂಗಿಕ ದೌರ್ಜನ್ಯವಾಗಿದ್ದರೆ ಪೊಲೀಸರಿಗೂ ತಿಳಿಸಲೇಬೇಕು.

ಮೌಲ್ಯಮಾಪನಕ್ಕೆ 'ಗ್ರಾಮಸಭೆ ಎಂದರೇನು?' ಎಂದು ಕೇಳದೆ ಎಂಟು ವಾಕ್ಯ ಕೊಟ್ಟು ಗೆರೆಯ ಯಾವ ಕಡೆಗೆಂದು ಬರೆಯಿಸಿದೆ. ಏಳಕ್ಕೆ ಹೆಚ್ಚಿನವರು ಸರಿಯಾಗಿ ಬರೆದರು. 'ಕಿರಾಣಿ ಅಂಗಡಿಯಲ್ಲಿ ಸೆರೆ ಮಾರುತ್ತಾರೆ, ಕುಡಿದವನು ಮನೆಯಲ್ಲಿ ಹೊಡೆಯುತ್ತಾನೆ' ಎಂಬ ಎಂಟನೆಯದಕ್ಕೆ ಅರ್ಧ ಮಂದಿ ಎಡ, ಅರ್ಧ ಮಂದಿ ಬಲ ಎಂದರು. ಹಿಂದಿನ ಬೆಂಚಿನ ಒಬ್ಬ ಮಾತ್ರ ವಾಕ್ಯದ ನಡುವಿನ ಅಲ್ಪವಿರಾಮದ ಮೇಲೆ ಉದ್ದಕ್ಕೆ ಗೆರೆ ಎಳೆದು ಎರಡು ತುಂಡು ಮಾಡಿ ಕೊಟ್ಟಿದ್ದ.